'ಅನೌನ್ಸ್' ಎಂಬ ಮಾತಿನ ಪೂರ್ವೋತ್ತರ

ನಮ್ಮ ಸಂಘದ ಸಭೆಗಳಲ್ಲಿ ಕನ್ನಡವೇ ನಡೆಯಬೇಕೆಂಬುದು ಅಲಿಖಿತ ನಿಯಮ. ಸ್ವಾಗತ ಕನ್ನಡದಲ್ಲಿ, ಭಾಷಣ ಕನ್ನಡದಲ್ಲಿ. ವಂದನಾರ್ಪಣೆಯಂತೂ ಅರ್ಧಕ್ಕರ್ಧ ಸಂಸ್ಕೃತವೇ ಆದ ಕನ್ನಡದಲ್ಲಿ. ಆದರೆ ನಡುವೆ ಯಾರದೋ ಮಗು ತಾಯಿಯನ್ನು ಹುಡುಕುತ್ತ ಅಳುತ್ತಿದೆಯೆಂದೋ, ಎರಡನೆಯ ಪಂಕ್ತಿಗೆ ಎಲೆ ಹಾಕಿದೆಯೆಂದೋ ಹೇಳಬೇಕಾದಾಗ ಕಾರ್ಯದರ್ಶಿಗಳ ಕಿವಿಯಲ್ಲಿ ಎಲ್ಲರೂ ಉಸುರುವ ಮಾತು ಒಂದೇ: "ಸ್ವಲ್ಪ ಅನೌನ್ಸ್ ಮಾಡಿಬಿಡಿ." ಹಿರಿಯರೂ ಹಾಗೆಯೇ ಎನ್ನುತ್ತಾರೆ, ಮಕ್ಕಳೂ ಹಾಗೆಯೇ ಎನ್ನುತ್ತಾರೆ. ಈ ಶಬ್ದವನ್ನು ಗದರಿಸಿ ಹೊರಗಟ್ಟಬೇಕೆಂಬುದು ನಮ್ಮ ಉದ್ದೇಶವಲ್ಲ. ಅತಿಥಿಯಾಗಿ ಬಂದದ್ದು ಮನೆಯವನಾಗಿ ಕುಳಿತಿದೆ, ಕುಳಿತಿರಲಿ. ಆದರೆ ಮನೆಯೊಳಗೆ ಇಷ್ಟು ಸಲಿಗೆಯಿಂದ ಓಡಾಡುವವನ ಊರು ಯಾವುದು, ಬಳಗ ಯಾವುದು ಎಂದು ವಿಚಾರಿಸುವುದರಲ್ಲಿ ತಪ್ಪೇನೂ ಇಲ್ಲವಷ್ಟೆ. ವಿಚಾರಿಸಹೊರಟರೆ ಎರಡು ಸಾವಿರ ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ತಟ್ಟುವ ಸಂಗತಿಗಳೂ ಅದರಲ್ಲಿ ಉಂಟು.

ಇಂಗ್ಲಿಷರು ಈ ಮಾತನ್ನು ಫ್ರೆಂಚರಿಂದ ಪಡೆದರು, ಫ್ರೆಂಚರಿಗೆ ಅದು ಲ್ಯಾಟಿನಿನಿಂದ ಬಂದಿತು. ಲ್ಯಾಟಿನಿನಲ್ಲಿ 'ನುಂಟಿಯುಸ್' ಎಂದರೆ ದೂತ, ಸುದ್ದಿ ಹೊತ್ತು ತರುವವನು. ಅದರಿಂದ 'ನುಂಟಿಯಾರೆ', ಸುದ್ದಿ ತಿಳಿಸು ಎಂಬ ಕ್ರಿಯಾಪದ. ಅದರ ಹಿಂದೆ 'ಅದ್' ಎಂಬ ಉಪಸರ್ಗ ಸೇರಿದರೆ 'ಅದ್‌ನುಂಟಿಯಾರೆ', ಬಾಯಲ್ಲಿ ನುಣುಪಾಗಿ 'ಅನ್ನುಂಟಿಯಾರೆ': ಒಬ್ಬರ ಬಳಿಗೆ ಸುದ್ದಿಯನ್ನು ಒಯ್ದು ಮುಟ್ಟಿಸು ಎಂದರ್ಥ. ಈ ಮೂಲಾರ್ಥದಲ್ಲಿ ಗಟ್ಟಿಯಾಗಿ ಕೂಗುವ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಇರುವುದು ಒಬ್ಬ ಮನುಷ್ಯ, ಅವನು ನಡೆದು ಬಂದ ದಾರಿ, ಮತ್ತು ಆ ದಾರಿಯ ತುದಿಯಲ್ಲಿ ಕಾದಿರುವ ಇನ್ನೊಬ್ಬ ಮನುಷ್ಯ.

'ನುಂಟಿಯುಸ್' ಎಂಬುದರ ಬೇರು ಯಾವುದೆಂಬ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. 'ಹೊಸದು' ಎಂಬರ್ಥದ ಶಬ್ದಕ್ಕೆ ಗಂಟುಹಾಕುವವರು ಕೆಲವರು. 'ಕೂಗು, ಹೊಗಳು' ಎಂಬರ್ಥದ ಪ್ರಾಚೀನ ಧಾತುವಿಗೆ ಕಟ್ಟುವವರು ಮತ್ತೆ ಕೆಲವರು. ಎರಡನೆಯವರ ಮಾತು ದಿಟವಾದರೆ ಅದು ಸಂಸ್ಕೃತದ 'ನು' ಧಾತುವಿಗೆ, ಎಂದರೆ ನಮ್ಮ ದೇವರನಾಮಗಳಲ್ಲಿ ಬರುವ 'ನುತಿ', 'ನುತ' ಎಂಬ ಮಾತುಗಳಿಗೆ ದೂರದ ದಾಯಾದಿಯಾಗುತ್ತದೆ. ಇನ್ನೊಂದು ವಿಶೇಷವೆಂದರೆ ಲ್ಯಾಟಿನಿನಲ್ಲಿ ದೂತನಿಗೂ ಅವನು ತಂದ ಸುದ್ದಿಗೂ ಈ ಒಂದೇ ಹೆಸರು. ಕೆಟ್ಟ ಸುದ್ದಿ ತಂದವನ ಮೇಲೆ ಎಲ್ಲ ಕಾಲದ ದೊರೆಗಳೂ ಯಾಕೆ ಹರಿಹಾಯ್ದರೆಂಬುದು ಇದರಿಂದಲೇ ತಿಳಿಯಬಹುದು. ಲಂಕೆಯ ಸಭೆಯಲ್ಲಿ ವಿಭೀಷಣನು, ದೂತನನ್ನು ಕೊಲ್ಲಬಾರದೆಂದು ನಿಯಮವನ್ನು ನೆನಪಿಸಬೇಕಾಯಿತು. ನೆನಪಿಸಬೇಕಾಯಿತೆಂದರೆ ಆ ನಿಯಮ ಆಗಾಗ ಮರೆತುಹೋಗುತ್ತಿತ್ತೆಂದೇ ಅರ್ಥ!

ಈ ದೂತನ ಸಂತಾನ ದೊಡ್ಡದು. ಇಂಗ್ಲಿಷಿನ ಪ್ರೊನೌನ್ಸ್, ರಿನೌನ್ಸ್, ಡಿನೌನ್ಸ್ ಎಲ್ಲವೂ ಅವನ ಮಕ್ಕಳೇ. ಒಬ್ಬನು ಉಚ್ಚರಿಸುವವನು, ಒಬ್ಬನು ತ್ಯಜಿಸುವವನು, ಒಬ್ಬನು ನಿಂದಿಸುವವನು. ಒಂದೇ ಮನೆಯ ಮಕ್ಕಳು ಇಷ್ಟು ಬೇರೆಬೇರೆ ಸ್ವಭಾವದವರಾದದ್ದು ಹೇಗೆಂದರೆ ರೋಮಿನ ಸಾರ್ವಜನಿಕ ಜೀವನವನ್ನು ಸ್ವಲ್ಪ ನೋಡಬೇಕು. ಅಲ್ಲಿ ಚುನಾವಣೆಯ ಫಲವನ್ನು ವಿಧಿವತ್ತಾಗಿ ತಿಳಿಸುವುದಕ್ಕೆ 'ರೆನುಂಟಿಯಾತಿಯೋ' ಎಂದು ಹೆಸರು. ಮತ ಎಷ್ಟೇ ಬಂದಿರಲಿ, ಸಭಾಧ್ಯಕ್ಷನು ಹೆಸರನ್ನು ಹೇಳುವವರೆಗೆ ಗೆದ್ದವನು ಗೆದ್ದವನಲ್ಲ. 'ದೆನುಂಟಿಯಾರೆ' ಎಂದರೆ ವಿಧಿಪೂರ್ವಕವಾದ ಎಚ್ಚರಿಕೆ, ನೋಟೀಸು. ಇಂದಿಗೂ ಒಂದು ರಾಷ್ಟ್ರ ಒಪ್ಪಂದದಿಂದ ಹೊರಬೀಳುತ್ತೇನೆಂದು ನೋಟೀಸು ಕೊಟ್ಟರೆ ಅದನ್ನು 'ಡಿನೌನ್ಸ್' ಮಾಡಿತೆನ್ನುತ್ತಾರೆ. ಅಲ್ಲಿ ನಿಂದೆಯೇನೂ ಇಲ್ಲ. ಹೊಸ ಶಾಸನವನ್ನು ಮೂರು ಸಂತೆಗಳ ಕಾಲ ಜನರ ಮುಂದಿರಿಸಿದ ಮೇಲೆಯೇ ಮತಕ್ಕೆ ಹಾಕಬೇಕೆಂಬ ಕಟ್ಟಳೆಯೂ ರೋಮಿನಲ್ಲಿತ್ತು. ಹಳ್ಳಿಯ ಒಕ್ಕಲಿಗನು ಸಂತೆಗೆ ಬಂದಾಗ ಕೇಳಿ ತಿಳಿದುಕೊಳ್ಳಲೆಂದು ಈ ಏರ್ಪಾಡು.

ಇಂಗ್ಲಿಷಿಗೆ ಬಾರದೆ ರೋಮಿನಲ್ಲಿಯೇ ಉಳಿದುಹೋದ ಒಬ್ಬ ಸೋದರನಿದ್ದಾನೆ. ನಮಗೆ ಅವನೇ ಎಲ್ಲರಿಗಿಂತ ರುಚಿಕರನಾಗಿ ಕಾಣುತ್ತಾನೆ. ಅವನ ಹೆಸರು 'ಒಬ್‌ನುಂಟಿಯಾತಿಯೋ', ಅಪಶಕುನದ ಸುದ್ದಿ ಕೊಟ್ಟು ಸಭೆಯನ್ನು ನಿಲ್ಲಿಸುವ ಅಧಿಕಾರ. ಆಕಾಶದಲ್ಲಿ ಮಿಂಚು ಕಂಡಿತೆಂದು ಅಧಿಕಾರಿಯೊಬ್ಬನು ಬಂದು ಹೇಳಿದರೆ ಆ ದಿನದ ಸಭೆ ಮುರಿಯಬೇಕು. ಕ್ರಿ. ಪೂ. 59ರಲ್ಲಿ ಜೂಲಿಯಸ್ ಸೀಜರನೂ ಬಿಬುಲಸನೂ ಜೊತೆಯಾಗಿ ಕಾನ್ಸಲರಾದರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಸೀಜರನ ಭೂಶಾಸನವನ್ನು ತಡೆಯಹೋದ ಬಿಬುಲಸನನ್ನು ಸೀಜರನ ಕಡೆಯವರು ಬಹಿರಂಗವಾಗಿ ಅವಮಾನಪಡಿಸಿ ಓಡಿಸಿದರು. ಅವನು ಮನೆ ಸೇರಿ ಬಾಗಿಲು ಹಾಕಿಕೊಂಡವನು ಆ ವರ್ಷವೆಲ್ಲ ಹೊರಗೆ ಬರಲಿಲ್ಲ. ಸೀಜರನು ಸಭೆ ಕರೆದಾಗಲೆಲ್ಲ "ನಾನು ಆಕಾಶವನ್ನು ನೋಡುತ್ತಿದ್ದೇನೆ" ಎಂದು ಮನೆಯಿಂದಲೇ ಹೇಳಿಕಳುಹಿಸುತ್ತಿದ್ದನು. ಅಪಶಕುನವನ್ನು ಸ್ವತಃ ಎದುರಿಗೆ ಬಂದು ಹೇಳುವುದು ಹಿಂದಿನಿಂದ ಬಂದ ಪದ್ಧತಿಯಾದ್ದರಿಂದ, ಮನೆಯಲ್ಲಿ ಕುಳಿತು ಕಳುಹಿಸಿದ ಮಾತಿಗೆ ಬೆಲೆಯುಂಟೋ ಇಲ್ಲವೋ ಎಂಬ ವಾದಕ್ಕೆ ಎಡೆಯಾಯಿತು. ಸೀಜರನು ವಾದಕ್ಕೆ ಕಾಯದೆ ತನ್ನ ಶಾಸನಗಳನ್ನು ನಡೆಸಿಕೊಂಡು ಹೋದನು. ಆ ವರ್ಷದ ಕಾನ್ಸಲರು ಸೀಜರ್ ಮತ್ತು ಬಿಬುಲಸ್ ಅಲ್ಲ, ಜೂಲಿಯಸ್ ಮತ್ತು ಸೀಜರ್ ಎಂದು ಊರಿನ ಕುಚೋದ್ಯಗಾರರು ನಕ್ಕರು.

ಆದರೆ ಬಿಬುಲಸನು ಮನೆಯಿಂದ ಬರೆದು ಹೊರಗೆ ಅಂಟಿಸುತ್ತಿದ್ದ ಪ್ರಕಟನೆಗಳನ್ನು ಓದಲು ಜನ ಮುಗಿಬಿದ್ದು, ಆ ಜಾಗದಲ್ಲಿ ನಡೆದಾಡುವುದಕ್ಕೂ ಆಗುತ್ತಿರಲಿಲ್ಲವೆಂದು ಸಿಸೆರೋ ತನ್ನ ಗೆಳೆಯನಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಅದೇ ವರ್ಷ ಸೀಜರನು ಸೆನೆಟಿನ ಮತ್ತು ಜನಸಭೆಯ ನಡವಳಿಗಳನ್ನು ದಿನದಿನವೂ ಬರೆದು ಪ್ರಕಟಿಸುವ ಏರ್ಪಾಡು ಮಾಡಿದನು. ಇಂದಿನ ದಿನಪತ್ರಿಕೆಯ ಮೂಲಪುರುಷ ಇದೇ ಎಂದು ಹೇಳುವವರುಂಟು. ಒಬ್ಬರನ್ನೊಬ್ಬರು ಕಂಡರಾಗದ ಈ ಇಬ್ಬರೂ ಸುದ್ದಿಯನ್ನು ದೂತನ ಕಾಲಿನಿಂದ ಇಳಿಸಿ ಗೋಡೆಯ ಮೇಲೆ ಏರಿಸಿದರೆನ್ನಬಹುದು.

ಮುಂದೆ ಈ ಮಾತು ಕ್ರೈಸ್ತ ಮಠಗಳನ್ನು ಸೇರಿತು. ಮೇರಿಗೆ ಮಗನಾಗುವನೆಂದು ದೇವದೂತ ಗೇಬ್ರಿಯಲನು ತಿಳಿಸಿದ ಪ್ರಸಂಗಕ್ಕೆ 'ಅನನ್ಸಿಯೇಷನ್' ಎಂಬ ಹೆಸರಾಯಿತು. ಅದರ ಹಬ್ಬ ಮಾರ್ಚ್ 25. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಮೊದಲಾಗುತ್ತಿದ್ದುದೂ ಅಂದೇ. 'ಏಂಜೆಲ್' ಎಂಬ ಮಾತಿಗೂ ಗ್ರೀಕಿನಲ್ಲಿ ದೂತನೆಂಬುದೇ ಮೊದಲ ಅರ್ಥ. ರೆಕ್ಕೆಗಳು ಆಮೇಲೆ ಬಂದವು. ಪೋಪರ ರಾಯಭಾರಿಗೆ 'ನನ್ಸಿಯೋ' ಎಂಬ ಹೆಸರು ಇಂದಿಗೂ ಇದೆ. 2025ರ ಮೇ 8ರಂದು ಹೊಸ ಪೋಪರ ಆಯ್ಕೆಯನ್ನು ರೋಮಿನ ಉಪ್ಪರಿಗೆಯಿಂದ ತಿಳಿಸಿದಾಗ ಲ್ಯಾಟಿನಿನಲ್ಲಿ ಕೇಳಿಬಂದ ಮೊದಲ ಮಾತು 'ಅನ್ನುಂಟಿಯೋ'. ನಮ್ಮ ಕಾರ್ಯದರ್ಶಿಗಳು ಊಟದ ಪಂಕ್ತಿಗೆ ಬಳಸುವ ಮಾತೇ ಅದು.

ಇನ್ನು ಇಂಗ್ಲೆಂಡಿಗೆ ಬರೋಣ. ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿಯುವ ಭಾಗ ಇದು.

ನಾರ್ಮನರು ಬರುವ ಮೊದಲು ಇಂಗ್ಲಿಷರಿಗೆ ಸುದ್ದಿ ಸಾರಲು ತಮ್ಮದೇ ಆದ ಮಾತಿರಲಿಲ್ಲವೆ? ಇದ್ದಿತು. ಅವರ ಹಳೆಯ ಭಾಷೆಯಲ್ಲಿ ದೂತನಿಗೆ 'ಬೊದ' ಎಂದು ಹೆಸರು. ಸುದ್ದಿ ಸಾರುವುದಕ್ಕೆ 'ಬೊದಿಯನ್'. ನೋಡಿ, ಲ್ಯಾಟಿನಿನವರು ದೂತನಿಂದ ಕ್ರಿಯಾಪದ ಮಾಡಿಕೊಂಡಂತೆಯೇ ಇವರೂ ಮಾಡಿಕೊಂಡಿದ್ದರು. ಈ 'ಬೊದ' ನಮಗೂ ಅಪರಿಚಿತನಲ್ಲ. ಎಚ್ಚರವಾಗು, ತಿಳಿ, ತಿಳಿಸು ಎಂಬರ್ಥದ ಯಾವ ಪ್ರಾಚೀನ ಧಾತುವಿನಿಂದ ಸಂಸ್ಕೃತದ 'ಬೋಧ', 'ಬುದ್ಧ' ಮುಂತಾದುವು ಬಂದವೋ ಅದರಿಂದಲೇ ಅವನೂ ಬಂದವನು. ನಾವು 'ಬೋಧಿಸು' ಎನ್ನುವಾಗ ಆ ಹಳೆಯ ಇಂಗ್ಲಿಷ್ ದೂತನ ನೆಂಟನನ್ನೇ ಕರೆಯುತ್ತೇವೆ.

1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು. ಬರವಣಿಗೆ ಲ್ಯಾಟಿನಿನಲ್ಲಿ, ಮಾತುಕತೆ ಫ್ರೆಂಚಿನಲ್ಲಿ. ಹೊಲದಲ್ಲಿ, ಅಡಿಗೆಮನೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಇಂಗ್ಲಿಷ್ ಉಳಿಯಿತು. ಇಂದಿನ ಇಂಗ್ಲಿಷನ್ನು ಪರೀಕ್ಷಿಸಿದರೆ ಆ ಗೆರೆ ಈಗಲೂ ಕಾಣುತ್ತದೆ. ಮನೆಯಲ್ಲಿ ಹೇಳುವ 'ಸೇ', 'ಟೆಲ್', 'ಸ್ಪೀಕ್' ಎಂಬುವು ನಾಡಿನ ಮಾತುಗಳು. ಅಧಿಕಾರದಿಂದ ಹೇಳುವ 'ಅನೌನ್ಸ್', 'ಪ್ರೊಕ್ಲೇಮ್', 'ಡಿಕ್ಲೇರ್', 'ಪಬ್ಲಿಷ್' ಎಲ್ಲವೂ ಫ್ರೆಂಚ್ ಅಥವಾ ಲ್ಯಾಟಿನ್ ಮನೆತನದವು. ಬೀದಿಯಲ್ಲಿ ಗಂಟೆ ಬಾರಿಸಿ ಡಂಗುರ ಹೊಡೆಯುವವನು ಕೂಗುತ್ತಿದ್ದ 'ಓಯೆಜ್' ಎಂಬುದೂ ಫ್ರೆಂಚೇ, 'ಕೇಳಿರಿ' ಎಂದರ್ಥ. ಕೇಳಿರಿ ಎಂಬುದನ್ನು ಕೂಡ ಕೇಳುವವರ ಭಾಷೆಯಲ್ಲಿ ಹೇಳದ ಕಾಲ ಅದು! ಪಾಪ, 'ಬೊದಿಯನ್' ಎಂಬುದು ಏನಾಯಿತು? ಸಾಯಲಿಲ್ಲ, ಮೂಲೆ ಸೇರಿತು. ಇಂದು 'ಬೋಡ್' ಎಂಬ ರೂಪದಲ್ಲಿ ಅದು ಬದುಕಿದೆ. ಆದರೆ ಶಕುನ ನುಡಿಯುವುದಕ್ಕೆ ಮಾತ್ರ, ಅದರಲ್ಲಿಯೂ ಬಹುಮಟ್ಟಿಗೆ ಕೆಟ್ಟ ಶಕುನಕ್ಕೆ. ಒಂದು ಕಾಲಕ್ಕೆ ದೊರೆಯ ಆಜ್ಞೆಯನ್ನೂ ದೇವರ ವಾರ್ತೆಯನ್ನೂ ಸಾರುತ್ತಿದ್ದ ಮಾತು ಹಲ್ಲಿ ಲೊಚಗುಟ್ಟುವ ಕೆಲಸಕ್ಕೆ ಇಳಿಯಿತು. ಒಂದು ಭಾಷೆಯನ್ನು ಆಸ್ಥಾನದಿಂದ ಹೊರಗಿಟ್ಟಾಗ ಅದರ ಶಬ್ದಗಳು ಹೀಗೆ ಬಡವಾಗುತ್ತವೆ. ಶಬ್ದಕೋಶದಲ್ಲಿ ಇರುತ್ತವೆ, ಮರ್ಯಾದೆ ಮಾತ್ರ ಇರುವುದಿಲ್ಲ.

ಇದಕ್ಕೆ ಪ್ರತಿಯಾದ ಒಂದು ಘಟನೆಯನ್ನೂ ಇಲ್ಲಿ ಹೇಳಬೇಕು. 1258ರಲ್ಲಿ ಮೂರನೆಯ ಹೆನ್ರಿಯನ್ನು ಅವನ ಸಾಮಂತರು ಹಿಡಿತಕ್ಕೆ ತಂದು ಆಕ್ಸ್‌ಫರ್ಡಿನಲ್ಲಿ ಕೆಲವು ಕಟ್ಟಳೆಗಳಿಗೆ ಒಪ್ಪಿಸಿದರು. ದೊರೆ ಒಪ್ಪಿದ್ದಾನೆಂಬುದು ಊರಿಗೆಲ್ಲ ತಿಳಿಯದಿದ್ದರೆ ಒಪ್ಪಿಸಿ ಏನು ಪ್ರಯೋಜನ? ಆ ವರ್ಷದ ಅಕ್ಟೋಬರ್ 18ರಂದು ಹೊರಟ ರಾಜಪ್ರಕಟನೆಯನ್ನು ಲ್ಯಾಟಿನ್, ಫ್ರೆಂಚುಗಳ ಜೊತೆಗೆ ಇಂಗ್ಲಿಷಿನಲ್ಲಿಯೂ ಬರೆಸಿ ಪ್ರತಿಯೊಂದು ಸೀಮೆಗೂ ಕಳುಹಿಸಿದರು. ಎರಡು ಶತಮಾನಗಳ ಬಳಿಕ ಅರಸನು ಪ್ರಜೆಗಳ ಭಾಷೆಯಲ್ಲಿ ಪ್ರಜೆಗಳೊಡನೆ ಮಾತನಾಡಿದನು. ಮಾಡಿದ್ದು ಪ್ರೀತಿಯಿಂದಲ್ಲ, ಅವಶ್ಯಕತೆಯಿಂದ; ಆದರೂ ಮಾಡಿದನು. 1362ರಲ್ಲಿ, ಫ್ರೆಂಚ್ ಈ ದೇಶದಲ್ಲಿ ಯಾರಿಗೂ ಸರಿಯಾಗಿ ತಿಳಿಯದಾದ್ದರಿಂದ ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನವಾಯಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ. ನಮ್ಮಲ್ಲಿಯೂ ಕನ್ನಡದ ಬಳಕೆಯ ಬಗ್ಗೆ ಇಂಗ್ಲಿಷಿನಲ್ಲಿ ಹೊರಟ ಸುತ್ತೋಲೆಗಳನ್ನು ಕಂಡವರು ಇದಕ್ಕೆ ಆಶ್ಚರ್ಯಪಡಲಾರರು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಸೂದೆಗೆ ಅರಸನ ಒಪ್ಪಿಗೆಯನ್ನು ಸಮಾರಂಭದಲ್ಲಿ ಸಾರುವಾಗ ಇಂದಿಗೂ ಹಳೆಯ ಫ್ರೆಂಚ್ ವಾಕ್ಯವನ್ನೇ ಹೇಳುತ್ತಾರೆ.

'ಅನೌನ್ಸ್' ಎಂಬುದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡದ್ದು ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಇಂಗ್ಲಿಷ್ ಮತ್ತೆ ಸಿಂಹಾಸನ ಏರಿತ್ತು. ಆದರೆ ಏರಿದಾಗ ಫ್ರೆಂಚಿನ ಪೋಷಾಕು ತೊಟ್ಟೇ ಏರಿತು. 'ಅನೌನ್ಸ್‌ಮೆಂಟ್' ಎಂಬ ನಾಮಪದ ಬಳಕೆಗೆ ಬಂದದ್ದಂತೂ ಹದಿನೆಂಟನೆಯ ಶತಮಾನದ ಕೊನೆಗೆ. ಅಲ್ಲಿಂದಾಚೆಗೆ ಈ ಮಾತು ಅಧಿಕಾರದ ಬಿಗಿಯನ್ನು ಸಡಿಲಿಸಿಕೊಂಡು ಸಂಸಾರಸ್ಥನಾಯಿತು. ಅತಿಥಿಗಳ ಹೆಸರನ್ನು ಬಾಗಿಲಲ್ಲಿ ಹೇಳುವ ಸೇವಕನು ಅನೌನ್ಸ್ ಮಾಡಿದನು. ಪತ್ರಿಕೆಗಳಲ್ಲಿ ಜನನ, ಮದುವೆ, ಮರಣಗಳು ಅನೌನ್ಸ್ ಆದವು. ಪ್ರೊಕ್ಲೇಮ್ ಎಂಬ ಅಣ್ಣ ಮಾತ್ರ ಕಿರೀಟದ ಬಳಿಯೇ ನಿಂತನು. 2022ರಲ್ಲಿ ಇವರಿಬ್ಬರ ಭೇದ ಲೋಕಕ್ಕೆಲ್ಲ ಕಂಡಿತು. ಸೆಪ್ಟೆಂಬರ್ 8ರಂದು ರಾಣಿ ಎಲಿಜಬೆತರ ಮರಣವನ್ನು ಅನೌನ್ಸ್ ಮಾಡಿ ಅರಮನೆಯ ಕಬ್ಬಿಣದ ಬೇಲಿಗೆ ಕಾಗದ ತೂಗುಹಾಕಿದರು; ಸೆಪ್ಟೆಂಬರ್ 10ರಂದು ಚಾರ್ಲ್ಸ್ ಅರಸನಾದುದನ್ನು ಕಹಳೆ ಊದಿಸಿ ಪ್ರೊಕ್ಲೇಮ್ ಮಾಡಿದರು. ಸಾವು ತಿಳಿಸುವಂಥದು, ಪಟ್ಟ ಕೂಗಿ ಸಾರುವಂಥದು.

ಅದೇ ಇಂಗ್ಲೆಂಡಿನ ಇನ್ನೊಂದು ಪ್ರೊಕ್ಲಮೇಶನ್ ನಮಗೆ ಸಂಬಂಧಿಸಿದ್ದು. ಕಂಪನಿಯ ಆಡಳಿತ ಕೊನೆಗೊಂಡು ವಿಕ್ಟೋರಿಯಾ ರಾಣಿಯ ಆಳಿಕೆ ಬಂದಿತೆಂಬ ಪ್ರಕಟನೆಯನ್ನು ಲಾರ್ಡ್ ಕ್ಯಾನಿಂಗನು ಅಲಹಾಬಾದಿನಲ್ಲಿ ಓದಿದ್ದು 1858ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವದ ತಾರೀಖೂ ಅದೇ ಆದದ್ದು ಬರಿಯ ಕಾಕತಾಳೀಯ. ಮುಂಬಯಿಯಲ್ಲಿ ಅದನ್ನು ಟೌನ್ ಹಾಲಿನ ಮೆಟ್ಟಿಲುಗಳ ಮೇಲೆ ಓದಿದರು. ಏಷ್ಯಾಟಿಕ್ ಸೊಸೈಟಿಯ ಪುಸ್ತಕಭಂಡಾರ ಇರುವುದು ಆ ಕಟ್ಟಡದಲ್ಲಿಯೇ. ದೇಶಭಾಷೆಗಳಿಗೂ ಅನುವಾದಿಸಿ ಊರೂರಿಗೆ ಕಳುಹಿಸಿದರು. ಧಾರವಾಡ, ಬೆಳಗಾವಿಗಳು ಆಗ ಮುಂಬಯಿ ಸರಕಾರದ ಕೆಳಗಿದ್ದವು. ಕನ್ನಡಿಗರು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದ ಸೀಮೆ ಅದು. ಅಲ್ಲಿ ಕನ್ನಡ ಶಾಲೆಗಳು ಬರಲು ಡೆಪ್ಯುಟಿ ಚೆನ್ನಬಸಪ್ಪನವರಂಥವರು ದುಡಿಯಬೇಕಾಯಿತು, 1890ರಲ್ಲಿ ರಾ. ಹ. ದೇಶಪಾಂಡೆಯವರು ವಿದ್ಯಾವರ್ಧಕ ಸಂಘವನ್ನು ಕಟ್ಟಬೇಕಾಯಿತು. 1956ರ ನವೆಂಬರ್ 1ಕ್ಕೆ ನಾಡು ಒಂದಾಯಿತು, 1973ರ ನವೆಂಬರ್ 1ಕ್ಕೆ ಅದರ ಹೆಸರು ಕರ್ನಾಟಕವಾಯಿತು. ಈ ಎರಡರ ನಡುವೆ, 1963ರಲ್ಲಿ, ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡುವ ಶಾಸನ ಬಂದಿತು. ಅದೇ ನಮ್ಮ 1362 ಎಂದರೆ ತಪ್ಪಾಗದು.

ಹಾಗಾದರೆ ಅನೌನ್ಸಿಗೆ ಕನ್ನಡದಲ್ಲಿ ಏನೆನ್ನಬೇಕು? ಪ್ರಕಟಿಸು ಎಂದರೆ ಕಣ್ಣಿಗೆ ಕಾಣಿಸುವುದು. ಘೋಷಿಸು ಎಂದರೆ ಸದ್ದು ಮಾಡುವುದು. ಕೆಳಗಿನವರು ಮೇಲಿನವರಿಗೆ ಹೇಳಿದರೆ ಅರಿಕೆ, ಮೇಲಿನಿಂದ ಕೆಳಗೆ ಬಂದರೆ ನಿರೂಪ. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡ ಅಶೋಕನ ಬಂಡೆಶಾಸನ ಈ ವಿಷಯದಲ್ಲಿ ಒಂದು ಸೊಗಸಾದ ಮಾತನ್ನಿಟ್ಟಿದೆ. ತನ್ನ ಪ್ರಕಟನೆಯನ್ನು ಅಶೋಕನು 'ಸಾವಣ' ಎನ್ನುತ್ತಾನೆ, ಎಂದರೆ ಶ್ರಾವಣ, ಕೇಳಿಸುವಿಕೆ. ರೋಮಿನವನು ತರುವವನನ್ನು ನೆನೆದನು, ಅಶೋಕನು ಕೇಳುವವನನ್ನು ನೆನೆದನು. ಆ ಸಂದೇಶ ಸುವರ್ಣಗಿರಿಯ ಅಧಿಕಾರಿಗಳಿಂದ ಇಸಿಲದ ಅಧಿಕಾರಿಗಳಿಗೆ ಬಂದದ್ದು. ರಾಜಾಜ್ಞೆಗೆ ಮೊದಲು ಆರೋಗ್ಯವನ್ನು ವಿಚಾರಿಸುತ್ತದೆ. ನಮ್ಮ ಅಜ್ಜಂದಿರ "ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು" ಎಂಬ ಒಕ್ಕಣೆ ನೆನಪಾಗದಿರದು. ಬಂಡೆಯ ಭಾಷೆ ಪ್ರಾಕೃತ. ಸುತ್ತಲಿನ ಹಟ್ಟಿಗಳವರಿಗೆ ಅದನ್ನು ಅವರ ಮಾತಿನಲ್ಲಿ ಯಾರಾದರೂ ತಿಳಿಯಹೇಳಬೇಕಾಗಿತ್ತು.

ನಮ್ಮದೇ ಮಾತು ಸಾರು. ಊಟದ ಸಾರಿಗೂ ಇದಕ್ಕೂ ಅರ್ಥದ ಸಂಬಂಧವಿಲ್ಲ; ಹಳಗನ್ನಡದಲ್ಲಿ ಎರಡನ್ನೂ ಶಕಟರೇಫದಿಂದ 'ಸಾಱು' ಎಂದು ಬರೆಯುತ್ತಿದ್ದರು. ಬಳಿ ಸಾರು ಎಂಬಲ್ಲಿಯ 'ಸಾರು' ಮಾತ್ರ ಬೇರೆ ರಕಾರದ್ದು. ಸುದ್ದಿಯ 'ಸಾಱು' ಒಡಹುಟ್ಟಿದವರನ್ನು ಬಿಟ್ಟು ಬಂದ ಮಾತಲ್ಲ. ಚೆನ್ನೈಯಲ್ಲಿರುವ ನಮ್ಮವರು ಕೇಳುವ ತಮಿಳಿನ 'ಸಾಟ್ರು', ಹೈದರಾಬಾದಿನಲ್ಲಿರುವವರು ಕೇಳುವ ತೆಲುಗಿನ 'ಚಾಟು' ಇದರ ಒಡಹುಟ್ಟುಗಳೇ. ತೆಲುಗರು ಡಂಗುರಕ್ಕೆ 'ಚಾಟಿಂಪು' ಎಂದೇ ಹೇಳುತ್ತಾರೆ. ಪುಣೆ, ಮುಂಬಯಿಗಳ ಮರಾಠಿಯಲ್ಲಿ ಅದು 'ದವಂಡಿ', ದೆಹಲಿಯ ಕಡೆ 'ಮುನಾದಿ'. ಯಾವ ಊರಿಗೆ ಹೋದರೂ ತಮಟೆ ಬಡಿದು ಹೇಳುವವನೊಬ್ಬನು ಇದ್ದೇ ಇದ್ದನು. ಅವನು ಯಾರೆಂದು ಊರಿಗೆ ಗೊತ್ತಿತ್ತು. ಸುದ್ದಿ ಸುಳ್ಳಾದರೆ ಹಿಡಿದು ಕೇಳಬಹುದಾಗಿತ್ತು.

ರೇಡಿಯೋ ಬಂದಾಗ ಈ ಪರಿಚಯ ತಪ್ಪಿತು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಪ್ರಸಾರ ಕೇಂದ್ರವನ್ನು ತೆರೆದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ಭಾರತದ ರೇಡಿಯೋಗೆ ಹೆಸರಾಯಿತು. ಹೇಳುವವನ ಮೈ ಕಾಣದೆ ಮಾತು ಮಾತ್ರ ಕೇಳುವುದಕ್ಕೆ ಇದಕ್ಕಿಂತ ಒಪ್ಪುವ ಹೆಸರುಂಟೆ? ಆದರೆ ಮೈಯಿಲ್ಲದ ದನಿಯನ್ನು ನಂಬುವುದು ಹೇಗೆ? ಬಿ. ಬಿ. ಸಿ.ಯವರು ಮೊದಲು ತಮ್ಮ ಅನೌನ್ಸರರ ಹೆಸರನ್ನು ಹೇಳುತ್ತಿರಲಿಲ್ಲ. 1940ರಲ್ಲಿ, ಶತ್ರುಗಳು ಅದೇ ದನಿಯಲ್ಲಿ ಸುಳ್ಳು ಸುದ್ದಿ ಬಿತ್ತಿಯಾರೆಂಬ ಅಂಜಿಕೆಯಿಂದ, ವಾರ್ತೆ ಓದುವವನು ತನ್ನ ಹೆಸರನ್ನು ಮೊದಲು ಹೇಳುವ ಪದ್ಧತಿ ಬಂದಿತು. ರೋಮಿನ ನುಂಟಿಯುಸನು ಮತ್ತೆ ಬಾಗಿಲಲ್ಲಿ ಬಂದು ನಿಂತನು. ಇಂದು ಕೈಯೊಳಗಿನ ಫೋನಿನಲ್ಲಿ ದಿನಕ್ಕೆ ನೂರು ಸುದ್ದಿ ಬೀಳುತ್ತವೆ. ಕೆಳಗೆ ಕಳುಹಿಸಿದವರ ಹೆಸರೇನೋ ಇರುತ್ತದೆ; ಹೊತ್ತು ತಂದವರು ಯಾರು, ಯಾವ ಊರಿನಿಂದ ಹೊರಟರು ಎಂಬುದು ಇರುವುದಿಲ್ಲ.

ರೈಲು ನಿಲ್ದಾಣದ ದನಿಗೂ ಮೈಯಿಲ್ಲ. ದಾದರಿನಲ್ಲಿ ಅದು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಕೇಳುತ್ತದೆ. ಮೂರನ್ನೂ ನಾವು ಕಲಿತಿದ್ದೇವೆ, ಮೂರರಿಂದಲೂ ನಮ್ಮ ಗಾಡಿ ನಮಗೆ ಸಿಕ್ಕುತ್ತದೆ. ರಜೆಗೆ ಊರಿಗೆ ಹೊರಟಾಗ ಮಾತ್ರ, ರಾತ್ರಿ ಎಲ್ಲೋ ಗಡಿ ದಾಟಿ ಗಾಡಿ ನಿಂತಲ್ಲಿ, "ಪ್ರಯಾಣಿಕರ ಗಮನಕ್ಕೆ" ಎಂಬ ಕೂಗು ಕಿಟಕಿಯಿಂದ ಒಳಗೆ ಬರುತ್ತದೆ. ಎಷ್ಟು ನಿದ್ದೆಯಲ್ಲಿದ್ದರೂ ಮನೆಯ ಹಿರಿಯರು ಎದ್ದು ಕುಳಿತು, ಯಾವ ಊರು ಬಂತೆಂದು ಕೇಳುತ್ತಾರೆ.